ಕೈ ಹಿಂದೆ ಕಟ್ಟಿಕೊಂಡು ನಿಂತವರು

ಅಂಗೈಗಳ ನಡುವೆ ತಿಕ್ಕಿದ ಹಸಿ ಎಲೆಯ ವಾಸನೆಯೊಂದು ಹೋದ ತಿಂಗಳು ಕಪನೂರಿನ ಬೇಳೆ ಮಿಲ್ಲೊಂದರ ಹಿಂದೆ ನನ್ನನ್ನು ತಡೆದು ನಿಲ್ಲಿಸಿತು. ಕೂಲಿಗೆ ಬರುವ ಹೆಂಗಸರು ತಮ್ಮ ಸಣ್ಣ ಮಕ್ಕಳನ್ನು ಹಗಲಿಡೀ ಎಲ್ಲಿ ಬಿಡುತ್ತಾರೆಂದು ನೋಡಿಬರಲು ನಾನು ಅಲ್ಲಿಗೆ ಹೋಗಿದ್ದೆ; ಕಲಬುರಗಿಯಲ್ಲಿ ನಾನು ಬಹುಕಾಲದಿಂದ ಮಾಡುತ್ತಿರುವ ಕೆಲಸ ಅದು. ತಗಡಿನ ನೆರಳಲ್ಲಿ ಓಡಾಡುತ್ತಿದ್ದ ಮೂರು ವರ್ಷದ ಹುಡುಗಿಯೊಬ್ಬಳು ಜಲ್ಲಿಕಲ್ಲಿನ ಮೇಲೆ ಮುಗ್ಗರಿಸಿ ಮೊಣಕಾಲು ತರಚಿಕೊಂಡಳು. ಅವಳ ತಾಯಿ ಮೈತುಂಬ ಬೇಳೆಯ ಹೊಟ್ಟು ಮೆತ್ತಿಕೊಂಡೇ ಓಡಿ ಬಂದಳು. ಗಟಾರದ ಅಂಚಿನಲ್ಲಿ ತಾನಾಗಿ ಹುಟ್ಟಿದ್ದ ಸಣ್ಣ ಹಳದಿ ಹೂವಿನ ಗಿಡದಿಂದ ನಾಲ್ಕು ಎಲೆ ಕಿತ್ತು, ತಿಕ್ಕಿ, ರಸವನ್ನು ಗಾಯದ ಮೇಲೆ ಹಿಂಡಿದಳು. ಆ ಹಸಿರು, ಒಗರು ವಾಸನೆ ಮೂಗಿಗೆ ಬಡಿದ ಕೂಡಲೇ ಮಿಲ್ಲಿನ ಸದ್ದು ದೂರವಾಯಿತು. ನಾನು ಕಮಲಾಪುರದ ಒಂದು ಹಿತ್ತಲಿನಲ್ಲಿ, ನನ್ನದೇ ತರಚಿದ ಮೊಣಕಾಲನ್ನು ಊದಿಕೊಳ್ಳುತ್ತ ಕುಳಿತಿದ್ದೆ. ಮತ್ತೆ ಕಣ್ಣು ಬಿಟ್ಟಾಗ ಆ ತಾಯಿ ಮಗಳನ್ನು ಹಳೆಯ ಸೀರೆಯ ತುಂಡಿನಿಂದ ಕಿಟಕಿಯ ಸರಳಿಗೆ ಕಟ್ಟುತ್ತಿದ್ದಳು. ನಾನು ಏನೂ ಕೇಳಿರಲಿಲ್ಲ. ಆದರೂ ಅವಳೇ ಹೇಳಿದಳು: “ಬಿಟ್ರ ಬೀಳ್ತದ್ರೀ ಮೇಡಂ. ಬಿತ್ತಂದ್ರ ನಾ ಕೆಲಸ ಬಿಟ್ಟು ಓಡಿ ಬರಬೇಕು. ಹಿಂಗ ಎರಡ ಸಲ ಓಡಿ ಬಂದ್ರ, ನಾಳಿಂದ ಬರಬ್ಯಾಡ ಅಂತಾನ್ರೀ ಮುಕಾದಮ.” ಆ ಗಂಟಿಗೆ ನಾನು ಆ ತಾಯಿಯನ್ನು ದೂರಲಾರೆ. ಆ ಗಂಟನ್ನು ಹಾಕಿಸಿದವರು ಕೂಸಿನ ನೆರಳಿಗೂ ಜಾಗವಿಡದ ಮಾಲೀಕರು, ಜಾಗವಿದೆಯೇ ಎಂದು ಒಮ್ಮೆಯೂ ಬಂದು ನೋಡದ ಅಧಿಕಾರಿಗಳು, ಮತ್ತು ಆ ಬೇಳೆಯನ್ನು ಉಂಡು ಕೈತೊಳೆಯುವ ನಾವೆಲ್ಲರೂ.

ಕಮಲಾಪುರದಲ್ಲಿ ನಮ್ಮ ಮನೆ ಕೆಳಗಿನ ಓಣಿಯಲ್ಲಿತ್ತು, ದೊಡ್ಡ ರಸ್ತೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ. ನಾವು ಬೌದ್ಧರು, ಮೇಲಿನ ಓಣಿಯವರು ನಮ್ಮ ಓಣಿಗೆ ಬೇರೊಂದು ಹೆಸರಿಟ್ಟಿದ್ದರು, ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಬೇಸಿಗೆಯ ಮಧ್ಯಾಹ್ನ ಬರಿ ಹೊಟ್ಟೆಯನ್ನು ಒತ್ತಿ ಮಲಗಿದರೆ ತಣ್ಣಗೆನ್ನಿಸುವ ಫರ್ಸಿಕಲ್ಲಿನ ನೆಲ. ಬೆಳಗಾದರೆ ಜೋಳದ ರೊಟ್ಟಿ ಬಡಿಯುವ ಸದ್ದು ಗೋಡೆಯಿಂದ ಗೋಡೆಗೆ ಓಣಿಯಿಡೀ ಸಾಗುತ್ತಿತ್ತು. ಮನೆಯ ಹಿಂದೆ ಹಿತ್ತಲು. ಹಿತ್ತಲಿನ ನಡುವೆ ಒಂದು ಹುಣಸೆ ಮರ. ಮರದ ಬುಡದಲ್ಲಿ ನಮ್ಮ ಮುತ್ಯಾ, ಅಪ್ಪನ ಅಪ್ಪ, ಬಾಳೆಯ ದಿಂಡಿನ ಪಟ್ಟೆಗಳನ್ನು ಕಾಲಬೆರಳಿಗೆ ಸಿಕ್ಕಿಸಿಕೊಂಡು ನಾರು ಸುಲಿಯುತ್ತ, ಹಗ್ಗ ಹೊಸೆಯುತ್ತ ಕೂತಿರುತ್ತಿದ್ದ. ಹಿತ್ತಲಿನ ಬೇಲಿಯಾಚೆ ಇಳಿಜಾರು, ಇಳಿಜಾರಿನ ತುಂಬ ಕೆಂಪು ಬಾಳೆಯ ತೋಟಗಳು. ಓಣಿಯ ಹೆಂಗಸರೆಲ್ಲ ಕಚ್ಚೆ ಬಿಗಿದು ಆ ತೋಟಗಳಿಗೆ ಕೆಲಸಕ್ಕೆ ಹೋಗುತ್ತಿದ್ದರು. ಹೋಗುವಾಗ ತಮ್ಮ ಮಕ್ಕಳನ್ನು ನಮ್ಮ ಹಿತ್ತಲಿಗೆ ಬಿಟ್ಟು ಹೋಗುತ್ತಿದ್ದರು. ಅಲ್ಲಿ ಅವರನ್ನು ಕಾಯುತ್ತಿದ್ದವಳು ನನ್ನ ಅಪ್ಪನ ತಾಯಿ, ಕಾಶಾಬಾಯಿ. ನನಗೆ ಆಯಿ, ಕಾಲಕ್ರಮೇಣ ಎಲ್ಲ ಮಕ್ಕಳಿಗೂ ಆಯಿ.

ಆಯಿಗೆ ಓದು ಬರುತ್ತಿರಲಿಲ್ಲ. ಅವಳು ಆ ಹಿತ್ತಲನ್ನು ತೆರೆದ ಕಾರಣ ನನ್ನ ಅಪ್ಪನ ಸೊಂಟದ ಮೇಲಿತ್ತು: ಹುರಿಹಗ್ಗ ಉಜ್ಜಿ ಉಳಿದ ಒಂದು ಗೆರೆ, ಮುಪ್ಪಿನವರೆಗೂ ಮಾಸದ್ದು. ಅಪ್ಪನಿಗೆ ಎರಡು ವರ್ಷವಾಗಿದ್ದಾಗ ಅವಳೂ ಅವನನ್ನು ತೋಟದ ಬದುವಿನ ಮರಕ್ಕೆ ಕಟ್ಟಿ ಕಳೆ ಕೀಳಲು ಹೋಗುತ್ತಿದ್ದಳು. ಒಂದು ದಿನ ಬಾಯಲ್ಲಿ ಜೊಲ್ಲು ಸುರಿಸುತ್ತ ಒಂದು ಹುಚ್ಚುನಾಯಿ ಅದೇ ಬದುವಿಗೆ ಬಂತು. ಬಾಳೆಯ ಸಾಲಿನ ಆ ತುದಿಯಿಂದ ಆಯಿ ಕಂಡದ್ದು ಇಷ್ಟು: ಮಗು ಓಡಲು ಹೊರಟಿತು, ಹಗ್ಗ ಬಿಗಿಯಿತು, ಮಗು ಬಿತ್ತು, ಎದ್ದು ಮತ್ತೆ ಓಡಲು ಹೊರಟಿತು, ಮತ್ತೆ ಬಿತ್ತು. ನಾಯಿ ಏನನ್ನೋ ನೆನೆದಂತೆ ಬೇರೆ ದಿಕ್ಕಿಗೆ ಹೋಯಿತು. “ನಾಯಿ ಬಿಟ್ಟು ಹೋತು, ಆದರ ನಾ ಕಟ್ಟಿದ್ದೆ,” ಎನ್ನುತ್ತಿದ್ದಳು ಆಯಿ. ಆ ಸಂಜೆ ಅವಳು ಹಗ್ಗ ಬಿಚ್ಚಿದ್ದು ಶಾಶ್ವತವಾಗಿ. ಮರುದಿನದಿಂದ ತೋಟಕ್ಕೆ ಹೋಗಲಿಲ್ಲ. ನೆರೆಯ ನಾಲ್ಕು ಮನೆಯ ಕೂಸುಗಳನ್ನೂ ಬಿಚ್ಚಿ ತಂದು ಹಿತ್ತಲಲ್ಲಿ ಬಿಟ್ಟುಕೊಂಡಳು. ಬದಲಿಗೆ ಆ ತಾಯಂದಿರು ಮನೆಗೆ ಜೋಳವನ್ನೋ ಗೊನೆಯಿಂದ ಉದುರಿದ ಹಣ್ಣನ್ನೋ ತಂದುಕೊಡುತ್ತಿದ್ದರು. ಯಾವ ಆದೇಶವೂ ಯಾವ ಫಲಕವೂ ಇಲ್ಲದೆ ಒಂದು ಶಾಲೆ ಹುಟ್ಟಿದ್ದು ಹೀಗೆ. ಅದನ್ನು ಶಾಲೆ ಎಂದು ಕರೆಯಲು ನನಗೆ ಮೂವತ್ತು ವರ್ಷ ಬೇಕಾಯಿತೆಂಬುದು ನನ್ನ ಓದಿನ ತಪ್ಪು, ಅವಳದಲ್ಲ.

ಆ ಹಿತ್ತಲಿಗೆ ಒಂದು ಕಟ್ಟಳೆಯಿತ್ತು. ಹುಣಸೆ ಮರಕ್ಕೆ ಯಾರನ್ನೂ ಯಾರೂ ಎತ್ತಿ ಏರಿಸುವಂತಿಲ್ಲ. ಏರಿದವರನ್ನು ಯಾರೂ ಎತ್ತಿ ಇಳಿಸುವಂತಿಲ್ಲ. ಮಗು ಮರದ ಮೇಲಿದ್ದಾಗ ಕೆಳಗೆ ನಿಂತ ದೊಡ್ಡವರು, ಅದು ತಾಯಿಯೇ ಇರಲಿ ತಂದೆಯೇ ಇರಲಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ದೂರ ಹೋಗಬಾರದು, ಕಣ್ಣು ತೆಗೆಯಬಾರದು, ಕೈ ಮುಂದೆ ತರಬಾರದು. ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ಹೆಂಗಸರು ಮರದ ಸುತ್ತ ಹಾಗೆ ಸಾಲಾಗಿ ನಿಂತಿರುತ್ತಿದ್ದರು. ಪೊಲೀಸರು ಹಿಡಿದುಕೊಂಡು ಬಂದವರ ಹಾಗೆ ಕಾಣುತ್ತೀರಿ ಎಂದು ಮುತ್ಯಾ ನಗುತ್ತಿದ್ದ. ಮೊದಲ ಟೊಂಗೆ ದೊಡ್ಡವರ ಎದೆಮಟ್ಟಕ್ಕಿತ್ತು. ಬುಡದ ಗಂಟುಗಳ ಮೇಲೆ ಕಾಲಿಟ್ಟು ಅಲ್ಲಿಗೆ ಏರಿ ಕೂತ ಮಗು ಇಳಿಯಲಾಗದೆ ರಾಗ ತೆಗೆಯುತ್ತಿತ್ತು.

“ಆಯೀ, ಇಳಸ ಬಾ!”

“ಯಾರ ಏರಿಸಿದ್ರು ನಿನಗ?”

“ನಾನೇ ಏರೀನಿ!”

“ಹಂಗಾರ ಹಾದಿ ನಿನ್ನ ಕಾಲಿಗಿ ಗೊತ್ತದ. ಅದನ್ನ ಕೇಳು. ನಂಗೇನ್ ಕೇಳ್ತಿ?”

ಹೊಸದಾಗಿ ಬಂದ ತಾಯಂದಿರಿಗೆ ಇದು ಕ್ರೌರ್ಯದಂತೆ ಕಾಣುತ್ತಿತ್ತು. “ಒಂದೀಟು ಕೈ ಹಿಡದ್ರ ಏನ್ ಆಗ್ತದ ಆಯಿ?” ಎಂದು ಒಬ್ಬಳು ಕೇಳಿದಾಗ ಮುತ್ಯಾ ಹಗ್ಗದಿಂದ ತಲೆಯೆತ್ತದೆ ಹೇಳಿದ್ದ: “ಯವ್ವಾ, ಅಕಿ ನನ್ನ ಕೈನೇ ಇನ್ನ ತನಕ ಹಿಡದಿಲ್ಲ. ನಿನ್ನ ಕೂಸಿನ ಕೈ ಎಲ್ಲಿ ಹಿಡೀತಾಳ?” ಎಲ್ಲರೂ ನಕ್ಕರು. ಆಯಿ ಮಾತ್ರ ನಗದೆ, ಕೈ ಬೆನ್ನ ಹಿಂದೆಯೇ ಇಟ್ಟುಕೊಂಡು, ಮೇಲಿದ್ದ ಕಾಲು ಯಾವ ಗಂಟನ್ನು ಹುಡುಕುತ್ತಿದೆ ಎಂದು ನೋಡುತ್ತಿದ್ದಳು. ಕಾಲು ಗಂಟನ್ನು ಮುಟ್ಟಿದಾಗ ಅವಳ ಗಂಟಲಿನಿಂದ “ಹಾಂ” ಎಂಬ ಸಣ್ಣ ಉಸಿರು ಹೊರಡುತ್ತಿತ್ತು. ಆ ಉಸಿರನ್ನು ಕೇಳುವುದಕ್ಕಾಗಿಯೇ ನಾವು ಮತ್ತೆ ಮತ್ತೆ ಏರುತ್ತಿದ್ದೆವೇನೋ.

ಅವಳನ್ನು ಅಜಾಗರೂಕಳೆಂದು ತಿಳಿಯಬೇಡಿ. ಬೆಳಗ್ಗೆ ಮಕ್ಕಳು ಬರುವ ಮುಂಚೆ ಕೊಕ್ಕೆಯ ಕೋಲಿನಿಂದ ಒಂದೊಂದೇ ಟೊಂಗೆಯನ್ನು ಜಗ್ಗಿ ನೋಡುತ್ತಿದ್ದಳು. ಒಣಗಿದ್ದನ್ನು ಮುತ್ಯಾನಿಂದ ಕಡಿಸುತ್ತಿದ್ದಳು. ಬಾವಿಯ ಬಾಯಿಗೆ ಬೀಗ ಹಾಕಿದ ಜಾಲರಿಯಿತ್ತು. ಮಳೆ ಬಿದ್ದ ದಿನ ಮರದ ಹತ್ತಿರ ಸುಳಿಯುವಂತಿರಲಿಲ್ಲ. ಆದರೆ ಐದು ವರ್ಷದವರ ಕೈಗೆ ಸಣ್ಣ ಕುಡುಗೋಲು ಕೊಟ್ಟು ಬಾಳೆಯ ಪಟ್ಟೆ ಸೀಳಲು ಕಲಿಸುತ್ತಿದ್ದಳು. ಮೂರು ಕಲ್ಲಿನ ಒಲೆಯ ಸುತ್ತ ಕೂರಿಸಿ ಹಸಿ ಕಡಲೆಗಿಡ ಸುಡಿಸುತ್ತಿದ್ದಳು. ಆ ಕಪ್ಪು ಸಿಪ್ಪೆಯನ್ನು ಬೆರಳು ಸುಟ್ಟುಕೊಳ್ಳುತ್ತ ಬಿಡಿಸಿ ತಿಂದ ಕಾಳಿನ ರುಚಿ ನನ್ನ ನಾಲಗೆಯ ಮೇಲೆ ಇನ್ನೂ ಇದೆ. ಮಗುವಿಗೆ ಕಾಣದ ಅಪಾಯವನ್ನು ಅವಳು ತೆಗೆದುಹಾಕುತ್ತಿದ್ದಳು. ಮಗುವಿಗೆ ಕಾಣುವ ಅಪಾಯವನ್ನು ಮಗುವಿಗೇ ಬಿಡುತ್ತಿದ್ದಳು. ಮುಂದೆ ಕಲಬುರಗಿಯಲ್ಲಿ ಶಿಕ್ಷಕರ ತರಬೇತಿಗೆ ಸೇರಿದಾಗ ಇದೇ ವಿಚಾರವನ್ನು ನನಗೆ ಹೊಸ ಶಿಕ್ಷಣವೆಂದು ಕಲಿಸಿದರು. ಬಯಲಿನ ಕಲಿಕೆ, ಸಾಹಸದ ಆಟ, ಮಗುವಿನ ಸ್ವಂತ ಅಂದಾಜು ಎಂದು ಕಪ್ಪುಹಲಗೆಯ ಮೇಲೆ ಬರೆದುಕೊಂಡು ಹೋದ ಹಾಗೆ ನನಗೆ ನಗು ತಡೆಯಲಾಗಲಿಲ್ಲ. “ಯಾಕ್ರೀ ನಗ್ತೀರಿ?” ಎಂದು ಮೇಷ್ಟ್ರು ಗದರಿದರು. “ನಮ್ಮ ಆಯಿ ನೆನಪಾದ್ಳು ಸರ್,” ಎಂದೆ. ತರಗತಿಯೆಲ್ಲ ನಕ್ಕಿತು, ಬೇರೆ ಕಾರಣಕ್ಕೆ.

ಈಗ ಕಲಬುರಗಿಯ ಜಗತ್ ವೃತ್ತದ ಸುತ್ತಮುತ್ತ ಅಂಗಡಿಗಳ ಮೇಲಂತಸ್ತುಗಳಲ್ಲಿ ನಡೆಯುವ ನರ್ಸರಿಗಳಿಗೆ ಹೋದಾಗಲೆಲ್ಲ ಆ ನಗು ನನಗೆ ನೆನಪಾಗುತ್ತದೆ. ಮೂರು ವರ್ಷದ ಬೆರಳುಗಳಿಗೆ ಪೆನ್ಸಿಲ್ ತುರುಕಿ ಅಕ್ಷರ ತಿದ್ದಿಸುವುದು ತಪ್ಪು. ಕೂಸುಗಳನ್ನು ಸರಳಿನ ಹಿಂದೆ ಕೂರಿಸಿ ಅದನ್ನು ಸುರಕ್ಷತೆಯೆಂದು ತಾಯ್ತಂದೆಯರಿಗೆ ಮಾರುವುದು ತಪ್ಪು. ಗಂಡು ಮಗು ಮರ ಏರಿದರೆ ಹುಷಾರಿ, ಹೆಣ್ಣು ಮಗು ಏರಿದರೆ ಗಂಡುಬೀರಿ ಎನ್ನುವ ನಾಲಗೆ ತಪ್ಪು. ನಾನೀಗ ಇರುವ ಕುಸನೂರಿನ ಹೊಸ ಬಡಾವಣೆಗಳಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗಕ್ಕೆ ಬೀಗ ಜಡಿದಿರುವುದು ತಪ್ಪು. ಇವನ್ನೆಲ್ಲ ನಾನು ವೇದಿಕೆಗಳಲ್ಲಿ ಹೇಳಿದ್ದೇನೆ, ಮನವಿಗಳಲ್ಲಿ ಬರೆದಿದ್ದೇನೆ. ಆದರೆ ಇನ್ನೊಬ್ಬರ ತಪ್ಪುಗಳನ್ನು ಹೆಸರಿಸುವ ಹಕ್ಕು, ನನ್ನ ತಪ್ಪೊಂದನ್ನು ಹೆಸರಿಸದೆ ನನಗೆ ಬಾರದು. ಅದು ನನಗೆ ಒಂಬತ್ತು ವರ್ಷವಾಗಿದ್ದಾಗ ಆದದ್ದು.

ಆ ವರ್ಷ ಮೇಲಿನ ಓಣಿಯಿಂದ ಗಂಗೂ ಎಂಬ ನಾಲ್ಕು ವರ್ಷದ ಹುಡುಗಿ ನಮ್ಮ ಹಿತ್ತಲಿಗೆ ಬಂದಳು. ಅವರದು ಒಕ್ಕಲುತನದ ಮನೆ. ಎರಡು ಎಕರೆ ಹೊಲದಲ್ಲಿ ಹೊಟ್ಟೆ ತುಂಬದೆ ಅವಳ ತಂದೆ ಮಾದೇವಪ್ಪ ಕಪನೂರಿನ ಬೇಳೆ ಮಿಲ್ಲಿಗೂ, ತಾಯಿ ಶರಣಮ್ಮ ಬಾಳೆಯ ತೋಟಕ್ಕೂ ಹೋಗತೊಡಗಿದ್ದರು. ಮೇಲಿನ ಓಣಿಯಿಂದ ಬಂದ ಮೊದಲ ಮಗು ಅವಳು. ನಮ್ಮ ನೀರು ಕುಡಿಯಬಾರದೆಂದು ಅವಳ ಅಜ್ಜಿ ಪ್ರತಿದಿನ ಒಂದು ತಾಮ್ರದ ತಂಬಿಗೆ ತುಂಬಿಸಿ ಕಳಿಸುತ್ತಿದ್ದಳು. ಆಯಿ ಅದನ್ನು ನೋಡಿದಳು, ನೆರಳಲ್ಲಿ ಎತ್ತಿಟ್ಟಳು. ಮೂರನೆಯ ದಿನ ಗಂಗೂ ಆ ತಂಬಿಗೆಯ ನೀರನ್ನೆಲ್ಲ ಮಣ್ಣಿಗೆ ಸುರಿದು ಕೆಸರಿನ ರೊಟ್ಟಿ ಬಡಿದಳು. ಬಾಯಾರಿದಾಗ ಎಲ್ಲರ ಜೊತೆ ನಮ್ಮ ಕೊಡದಿಂದ ಕುಡಿದಳು. ಹಾಗೆ ಆ ತಪ್ಪಿನ ತೀರ್ಮಾನವನ್ನು ಒಂದು ಕೂಸು ಮಾಡಿತು.

ಹುಣಸೆ ಮರದ ಎರಡನೆಯ ಟೊಂಗೆ ಆಳೆತ್ತರಕ್ಕಿಂತ ಮೇಲಿತ್ತು. ಅಲ್ಲಿ ಕೂತರೆ ಬೇಲಿಯಾಚೆಯ ತೋಟ ಕಾಣುತ್ತಿತ್ತು, ಬಾಳೆಯ ಸಾಲುಗಳ ನಡುವೆ ನಮ್ಮ ನಮ್ಮ ಅವ್ವಂದಿರು ಕಾಣುತ್ತಿದ್ದರು. ಗಂಗೂ ಮೊದಲ ಟೊಂಗೆಯವರೆಗೆ ಚೆನ್ನಾಗಿ ಏರುತ್ತಿದ್ದಳು. ಎರಡನೆಯದಕ್ಕೆ ಅವಳ ಕಾಲು ನಿಲುಕುತ್ತಿರಲಿಲ್ಲ. ಮೇಲೆ ಕೂತ ದೊಡ್ಡ ಮಕ್ಕಳು “ನಿಮ್ಮವ್ವ ಕಾಣಾಕತ್ಯಾಳ, ನಿಮ್ಮವ್ವ ನೀರ ಕುಡ್ಯಾಕತ್ಯಾಳ,” ಎಂದು ವರದಿ ಒಪ್ಪಿಸಿ ಅವಳನ್ನು ಕಾಡುತ್ತಿದ್ದರು. ಅವಳು ದಿನಾ ಮಧ್ಯಾಹ್ನ ಅಳುತ್ತಿದ್ದಳು. ಅಂದು ಶಾಲೆಗೆ ರಜೆ, ನಾನು ಹಿತ್ತಲಲ್ಲಿದ್ದೆ. ಮುತ್ಯಾ ಬಾಳೆಯ ದಿಂಡು ತರಲು ತೋಟಕ್ಕೆ ಹೋಗಿದ್ದ, ಉಳಿದ ಮಕ್ಕಳು ಉಂಡು ಒಳಗೆ ಮಲಗಿದ್ದರು. ಮಲಗಿದ್ದ ಎಳೆಗೂಸೊಂದು ಒಳಗೆ ಅಳತೊಡಗಿತು. ಆಯಿ ನನಗೆ, “ಸುಜಿ, ಕೈ ಹಿಂದ ಕಟ್ಕೊಂಡ ನಿಂದ್ರು. ಈಗ ಬಂದೆ,” ಎಂದು ಹೇಳಿ ಒಳಗೆ ಹೋದಳು. ಮರದ ಕೆಳಗೆ ನನ್ನನ್ನು ನಿಲ್ಲಿಸಿದ್ದು ಅದೇ ಮೊದಲು. ಗಂಗೂ ಮೊದಲ ಟೊಂಗೆಯ ಮೇಲೆ ನಿಂತು ಮೂಗು ಸುರಿಸುತ್ತ ಅಳುತ್ತಿದ್ದಳು. ನಾನು ಕೈ ಬಿಚ್ಚಿದೆ. ಅವಳ ಪಕ್ಕಕ್ಕೆ ಏರಿ, ಎರಡೂ ಕಂಕುಳಿಗೆ ಕೈ ಹಾಕಿ, ಎತ್ತಿ, ಎರಡನೆಯ ಟೊಂಗೆಯ ಮೇಲೆ ಕೂರಿಸಿ, ಇಳಿದು ಬಂದು ಮತ್ತೆ ಕೈ ಕಟ್ಟಿ ನಿಂತೆ. ಅವಳ ಅಳು ನಿಂತಿತು. ಕಣ್ಣು ಅರಳಿತು. ಬಾಳೆಯ ಎಲೆಗಳ ನಡುವೆ ತಾಯಿಯನ್ನು ಕಂಡ ಗಂಗೂ ಎರಡೂ ಕೈಗಳನ್ನು ಮೇಲೆತ್ತಿ “ಅವ್ವಾ!” ಎಂದು ಕೂಗಿದಳು.

ತಾನಾಗಿ ಏರಿದ ಯಾವ ಮಗುವೂ ಅಲ್ಲಿ ಎರಡೂ ಕೈ ಬಿಡುತ್ತಿರಲಿಲ್ಲ.

ನೂರಾರು ಕಾಲು ತುಳಿದು ಮರದ ಕೆಳಗಿನ ನೆಲ ಕಲ್ಲಿನಂತಾಗಿತ್ತು. ಅವಳು ಬಿದ್ದ ಸದ್ದನ್ನು ನಾನು ವರ್ಣಿಸಲಾರೆ. ಎಡಗೈ ಮೊಣಕೈಯ ಕೆಳಗೆ ಇರಬಾರದ ಕಡೆ ಬಾಗಿತ್ತು. ಆಯಿ ಓಡಿ ಬಂದು, ಮುತ್ಯಾ ಸುಲಿಯಲು ಇಟ್ಟಿದ್ದ ಬಾಳೆಯ ಪಟ್ಟೆಯನ್ನೇ ಎರಡು ಕಡ್ಡಿಗಳ ಜೊತೆ ಸುತ್ತಿ ಆ ಕೈಯನ್ನು ಕಟ್ಟಿ, ಮಗುವನ್ನು ಎದೆಗೆ ಅವಚಿಕೊಂಡು ದೊಡ್ಡ ರಸ್ತೆಗೆ ಓಡಿದಳು. ಕೂಗು ಕೇಳಿ ತೋಟದಿಂದ ಓಡಿ ಬಂದ ಶರಣಮ್ಮನೂ ಅವಳೂ ಸಿಕ್ಕ ಟೆಂಪೋ ಹತ್ತಿ ಕಲಬುರಗಿಯ ಆಸ್ಪತ್ರೆಗೆ ಹೋದರು. ಗಂಗೂ ತಾನೇ ಏರಿ ಬಿದ್ದಳೆಂದು ಎಲ್ಲರೂ ತಿಳಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಎತ್ತಿದ್ದು ಒಂದು ತಪ್ಪು. ಸುಮ್ಮನಿದ್ದದ್ದು ಅದಕ್ಕಿಂತ ದೊಡ್ಡದು.

ಸಂಜೆ ಮಗಳು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮೇಲೆ ಮಾದೇವಪ್ಪ ನಮ್ಮ ಹಿತ್ತಲಿಗೆ ಬಂದ. ಕೈಯಲ್ಲಿ ಕೊಡಲಿಯಿತ್ತು, ಹಿಂದೆ ಮೇಲಿನ ಓಣಿಯ ನಾಲ್ಕಾರು ಜನ. ನಮ್ಮ ಓಣಿಯ ತಾಯಂದಿರೂ ಬೇಲಿಯ ಬಳಿ ಸೇರಿದ್ದರು. ನಾಳೆ ತಮ್ಮ ಮಕ್ಕಳನ್ನು ಎಲ್ಲಿ ಬಿಡಬೇಕೆಂಬುದು ಈ ಹೊತ್ತಿನಲ್ಲಿ ತೀರ್ಮಾನವಾಗುತ್ತದೆ ಎಂದು ಅವರಿಗೆ ತಿಳಿದಿತ್ತು. ಹಿತ್ತಲು ಮುಚ್ಚಿದರೆ ಮತ್ತೆ ಬದುವಿನ ಮರ, ಮತ್ತೆ ಹಗ್ಗ.

“ಈ ಗಿಡ ಇರಂಗಿಲ್ಲ ಕಾಶಾಬಾಯಿ,” ಎಂದ ಮಾದೇವಪ್ಪ. ತನ್ನ ತಾಯಿಯ ವಯಸ್ಸಿನವಳನ್ನು ಅವನು ಹೆಸರು ಹಿಡಿದು ಕರೆಯುತ್ತಿದ್ದ, ಊರು ಅದನ್ನು ಅವನಿಗೆ ಕಲಿಸಿತ್ತು. “ನೀ ಏನ್ ಕಾಯ್ತಿ ಕೂಸ್ಗೊಳ್ನ? ಕೈ ಕಟ್ಕೊಂಡ ನಿಂತಿರ್ತಿ ಅಂತಲ್ಲ?”

“ಹೌದ್ರೀ ಯಪ್ಪಾ, ನಿಂತಿರ್ತೀನಿ,” ಎಂದಳು ಆಯಿ.

ಗುಂಪಿನಲ್ಲೊಬ್ಬ, “ಇವರ ಓಣ್ಯಾಗ ತಂದು ಬಿಟ್ಟಿದ್ದು ನಿಂದ ತಪ್ಪ ಮಾದೇವಾ,” ಎಂದ. ಆ ಮಾತು ಮರದ ಬಗ್ಗೆ ಅಲ್ಲ, ಮುರಿದ ಕೈಯ ಬಗ್ಗೆಯೂ ಅಲ್ಲ. ಅದು ಏನೆಂದು ಅಲ್ಲಿ ನಿಂತ ಪ್ರತಿಯೊಬ್ಬರಿಗೂ ಅರ್ಥವಾಯಿತು. ಮುತ್ಯಾನ ಕೈಯಲ್ಲಿ ಹಗ್ಗ ನಿಂತುಹೋಯಿತು. ಆಯಿ ಆ ಮನುಷ್ಯನತ್ತ ತಿರುಗಲೂ ಇಲ್ಲ, ಮಾದೇವಪ್ಪನಿಗೇ ಹೇಳಿದಳು: “ಗಿಡ ಕಡೀರಿ ಯಪ್ಪಾ, ನಾ ಅಡ್ಡ ಬರಂಗಿಲ್ಲ. ಆದರ ಈ ಊರಾಗ ಇದೊಂದೇ ಗಿಡ ಅದ ಏನ್ರೀ? ಎಲ್ಲಾ ಗಿಡ ಕಡದ ಮ್ಯಾಲ ನಿಮ್ಮ ಮಗಳು ನಿಮ್ಮ ಮಾಳಗಿ ಏರ್ತಾಳ. ಆಗ ಮನಿ ಕೆಡವ್ತೀರಿ?”

ಅವನು ಕೊಡಲಿ ಎತ್ತಿದ. ಆಗ ನಾನು ಕೂಗಿದೆ. ಏನು ಕೂಗಿದೆನೆಂದು ನನಗೆ ನೆನಪಿಲ್ಲ. ಮುಂದೆ ಅಪ್ಪ ಹೇಳಿದ ಪ್ರಕಾರ, “ನಾ ಎತ್ತಿ ಕೂಡಿಸೀನಿ, ಅಕಿ ಏರಿಲ್ಲ,” ಎಂದು ಮೂರು ಸಲ ಕೂಗಿದೆನಂತೆ. ಕೊಡಲಿ ಕೆಳಗಿಳಿಯಿತು. ಎಲ್ಲರೂ ನನ್ನನ್ನು ನೋಡಿದರು. ಅಪ್ಪ ಹೊಡೆಯಲು ಮುಂದೆ ಬಂದಾಗ ಆಯಿ ನಡುವೆ ನಿಂತಳು. “ಅಕಿನ್ನ ನಿಲ್ಲಿಸಿದಾಕಿ ನಾನು. ನೆಲ ಕಲ್ಲಾಗಿದ್ದು ನೋಡದಽ ಬಿಟ್ಟಾಕಿನೂ ನಾನು. ಟೊಂಗಿ ದಿನಾ ನೋಡಿದೆ, ಮಣ್ಣು ನೋಡ್ಲಿಲ್ಲ. ತಪ್ಪ ನಂದದ ಯಪ್ಪಾ,” ಎಂದು ಮಾದೇವಪ್ಪನಿಗೆ ಕೈ ಮುಗಿದಳು. ಅವನು ಕೊಡಲಿ ಹೆಗಲಿಗೇರಿಸಿ ಹೋದ. ಮರ ಉಳಿಯಿತು. ಆದರೆ ಮರುದಿನ ಹಿತ್ತಲಿಗೆ ಒಂದು ಮಗುವೂ ಬರಲಿಲ್ಲ.

ಅಂದು ಮಧ್ಯಾಹ್ನ ಆಯಿ ನನ್ನನ್ನು ಮುಂದೆ ಕೂರಿಸಿಕೊಂಡು ಕೇಳಿದಳು, “ಯಾಕ ಎತ್ತಿದಿ?”

“ಅಳಾಕತ್ತಿದ್ಳು ಆಯಿ.”

“ಅಕಿ ಅಳೂದು ನಿನಗ ತ್ರಾಸ ಆತು. ನಿನ್ನ ತ್ರಾಸ ಕಡಿಮಿ ಆಗ್ಲಿ ಅಂತ ಎತ್ತಿದಿ. ಅಕಿ ಸಲುವಾಗಿ ಅಲ್ಲ, ತಿಳೀತ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ತರಬೇತಿಗಳಲ್ಲಿ ಕೂತೆ, ಎಷ್ಟೋ ತರಬೇತಿಗಳನ್ನು ಕೊಟ್ಟೆ. ದೊಡ್ಡವರ ಭಯದ ಬಗ್ಗೆ ಇದಕ್ಕಿಂತ ನಿಷ್ಠುರವಾದ ಮಾತನ್ನು ನಾನು ಇನ್ನೂ ಕೇಳಿಲ್ಲ. ಆಮೇಲೆ ಅವಳು ಎದ್ದು ಗುದ್ದಲಿ ತಂದು, ಯಾರೂ ಇಲ್ಲದ ಹಿತ್ತಲಿನಲ್ಲಿ, ಮರದ ಕೆಳಗಿನ ನೆಲ ಅಗೆಯತೊಡಗಿದಳು. ಬೇರು ತಾಗದ ಹಾಗೆ ಮೆಲ್ಲನೆ ಅಗೆದು, ಹೆಂಟೆ ಪುಡಿಮಾಡಿ, ಒಣಗಿದ ಬಾಳೆ ಎಲೆ ಹರಡುತ್ತಿದ್ದಳು. ಮಕ್ಕಳು ಬಾರದ ಆ ಆರು ವಾರ ದಿನವೂ ಅಗೆದಳು. ಬೇಲಿಯಾಚೆ ಬದುವಿನ ಮರಗಳಿಗೆ ಮತ್ತೆ ಕೂಸುಗಳನ್ನು ಕಟ್ಟಿದ್ದರು; ಅವುಗಳ ಅಳು ಗಾಳಿಯಲ್ಲಿ ನಮ್ಮ ಹಿತ್ತಲಿಗೆ ಬರುತ್ತಿತ್ತು. ಗುದ್ದಲಿಯ ಸದ್ದು ಆಗ ಇನ್ನಷ್ಟು ಜೋರಾಗುತ್ತಿತ್ತು.

ಪ್ಲಾಸ್ಟರ್ ತೆಗೆದ ಮೂರನೆಯ ದಿನ, ಮಿಲ್ಲಿಗೆ ರಜೆಯಿದ್ದ ಬೆಳಗ್ಗೆ, ಗಂಗೂ ಮೇಲಿನ ಓಣಿಯಿಂದ ಒಬ್ಬಳೇ ನಡೆದು ಬಂದಳು. ಬಂದವಳು ಯಾರನ್ನೂ ನೋಡದೆ ನೇರ ಮರದ ಬುಡಕ್ಕೆ ಹೋಗಿ ಮೊದಲ ಗಂಟಿನ ಮೇಲೆ ಕಾಲಿಟ್ಟಳು. ಅವಳನ್ನು ಹುಡುಕುತ್ತ ಓಡಿ ಬಂದ ಮಾದೇವಪ್ಪ ಎರಡೂ ತೋಳು ಚಾಚಿ ಮುನ್ನುಗ್ಗಿದ. “ಕೈ!” ಎಂದಳು ಆಯಿ. ಕೂಗಲಿಲ್ಲ, ಬರೀ ಅಂದಳು. ಆ ಮನುಷ್ಯ ಏಕೆ ನಿಂತನೋ ನನಗೆ ಇವತ್ತಿಗೂ ತಿಳಿಯದು. ಬಹುಶಃ ಹಿಂದೆ ಏದುಸಿರು ಬಿಡುತ್ತ ಬಂದ ಶರಣಮ್ಮ ಆಗಲೇ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡದ್ದನ್ನು ನೋಡಿರಬೇಕು. ಅವನೂ ಕಟ್ಟಿಕೊಂಡ. ಮೂಟೆ ಹೊತ್ತು ಗಂಟುಗಟ್ಟಿದ ಆ ಕೈಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದನ್ನು ನಾನು ಹಿಂದಿನಿಂದ ನೋಡುತ್ತಿದ್ದೆ. ಗಂಗೂ ಬಡಕಲಾದ ಎಡಗೈಯನ್ನು ಮೊದಲು ಒತ್ತಿ ಪರೀಕ್ಷಿಸಿದಳು. ಬಲಗೈಗೆ ಹೆಚ್ಚು ಭಾರ ಕೊಟ್ಟು ಮೊದಲ ಟೊಂಗೆಗೆ ಏರಿದಳು. ಎದ್ದು ನಿಂತು ಎರಡನೆಯದರ ಕಡೆಗೆ ಕಾಲು ಚಾಚಿದಳು. ನಿಲುಕಲಿಲ್ಲ. ಒಂದು ಕ್ಷಣ ಯೋಚಿಸಿದಳು. ಯೋಚಿಸಿದ್ದು ಅವಳ ಮುಖದಲ್ಲಿ ಕಂಡಿತು. ಆಮೇಲೆ ಕಾಲು ಹಿಂದಕ್ಕೆ ತೆಗೆದುಕೊಂಡು, ಟೊಂಗೆ ಅಪ್ಪಿ, ಗಂಟು ಹುಡುಕಿ, ಒಂದೊಂದೇ ಹೆಜ್ಜೆ ಇಳಿದು ಬಂದು ನೆಲ ಮುಟ್ಟಿದಳು.

“ಇನ್ನಾ ನಿಲುಕಂಗಿಲ್ಲ,” ಎಂದಳು ತಂದೆಗೆ, ತೋಟದ ಕೆಲಸದ ಲೆಕ್ಕ ಹೇಳುವ ಹೆಂಗಸಿನಂತೆ. “ಬೆಳದ ಮ್ಯಾಲ ನೋಡ್ತೀನಿ.”

ಮಾದೇವಪ್ಪ ಕಟ್ಟಿದ ಕೈ ಬಿಚ್ಚದೆ ಮರದ ಬುಡಕ್ಕೆ ಬಂದ. ಆಮೇಲೆ ಕಾಲಿನಿಂದ ಮರದ ಕೆಳಗಿನ ಮಣ್ಣನ್ನು ಒತ್ತಿ ನೋಡಿದ. “ಆಯಿ,” ಎಂದ. ಊರು ಕಲಿಸಿದ್ದನ್ನು ಆ ಒಂದು ಶಬ್ದದಲ್ಲಿ ಅವನು ಕೆಳಗಿಳಿಸಿದ. “ಇಷ್ಟಽ ಅಗದ್ರ ಸಾಲಂಗಿಲ್ಲ. ಗುದ್ದಲಿ ಕೊಡ್ರಿ ಇಲ್ಲಿ.” ಮುತ್ಯಾ ಅಲ್ಲಿಂದಲೇ ಕೂಗಿದ: “ಕೊಡಲಿ ತಂದಾವ ಗುದ್ದಲಿ ಕೇಳಾಕತ್ಯಾನ. ಕೊಡ, ಕೊಡ, ಮನಸ ಬದಲಾಗೂದ್ರಾಗ ಕೊಡ!”

ಮರುದಿನ ಐದು ಮಕ್ಕಳು ಬಂದರು, ವಾರದಲ್ಲಿ ಎಲ್ಲರೂ ಬಂದರು, ಮೇಲಿನ ಓಣಿಯಿಂದ ಇನ್ನೂ ಮೂವರು ಬಂದರು. ಅಂದಿನಿಂದ ಮಾದೇವಪ್ಪ ಪ್ರತಿದಿನ ಬೆಳಗ್ಗೆ ಮಿಲ್ಲಿನ ಟೆಂಪೋ ಬರುವ ಮುಂಚೆ ನಮ್ಮ ಹಿತ್ತಲಿಗೆ ಬಂದು ಮರದ ಸುತ್ತಲಿನ ಮಣ್ಣನ್ನು ಸಡಿಲಿಸಿ ಹೋಗುತ್ತಿದ್ದ. ಅವನಿಗೆ ಕಾಯಿಲೆಯಾದ ದಿನ ನನ್ನ ಅಪ್ಪ, ಅಪ್ಪನಿಲ್ಲದಾಗ ಯಾರಾದರೂ ತಾಯಿ. ಮೇಲಿನ ಓಣಿಯ ಗಂಡಸು ಕೆಳಗಿನ ಓಣಿಯ ನೆಲವನ್ನು, ಯಾರದೋ ಮಕ್ಕಳು ಬೀಳಲೆಂದು, ವರ್ಷಗಟ್ಟಲೆ ಅಗೆದ. ಇದಕ್ಕಿಂತ ದೊಡ್ಡ ಸುಧಾರಣೆಯನ್ನು ನಾನು ಓದಿದ್ದೇನೆ, ಕಣ್ಣಿಂದ ಕಂಡಿಲ್ಲ. ಮಕ್ಕಳು ಬಿದ್ದರು ಕೂಡ. ಬಿದ್ದವರು ಮಣ್ಣು ಝಾಡಿಸಿಕೊಂಡು, ಗಾಯಕ್ಕೆ ಎಲೆಯ ರಸ ಹಿಂಡಿಸಿಕೊಂಡು, ಮತ್ತೆ ಏರಿದರು. ಮರುವರ್ಷ ಗಂಗೂ ಎರಡನೆಯ ಟೊಂಗೆಗೆ ತಾನೇ ಏರಿ, ಒಂದು ಕೈಯಿಂದ ರೆಂಬೆ ಹಿಡಿದು ಇನ್ನೊಂದನ್ನು ಮಾತ್ರ ಬೀಸಿದಳು. ತೋಟದಿಂದ ಶರಣಮ್ಮನೂ ಒಂದೇ ಕೈ ಬೀಸಿದಳು. ಆ ಹಿತ್ತಲಿನ ಮೊಮ್ಮಗಳು ನಾನೆಂದು ಹೇಳಿಕೊಳ್ಳಲು ನನಗೆ ಯಾವ ಪದವಿಗಿಂತಲೂ ಹೆಚ್ಚು ಹೆಮ್ಮೆ.

ನಿಮಗೂ ಇಂಥ ಒಂದು ಅಂಗಳವೋ ಕಟ್ಟೆಯೋ ಮರವೋ ಇದ್ದಿರಬಹುದು. ಅದು ಯಾವ ದಿನ ಇಲ್ಲವಾಯಿತೆಂದು ನಿಮಗೂ ಹೇಳಲು ಬಾರದಿರಬಹುದು. ನಮ್ಮ ಹಿತ್ತಲನ್ನು ಯಾರೂ ಮುಚ್ಚಿಸಲಿಲ್ಲ. ಊರಿಗೆ ಸರ್ಕಾರದ ಮಕ್ಕಳ ಕೇಂದ್ರ ಬಂತು, ಅಲ್ಲಿ ಬಿಸಿಯೂಟವಿತ್ತು, ಮೊಟ್ಟೆಯಿತ್ತು. “ಹೋಗ್ರಿ, ಅಲ್ಲಿ ಹೊಟ್ಟಿ ತುಂಬ್ತದ,” ಎಂದು ಆಯಿಯೇ ಮಕ್ಕಳ ಕೈಗೆ ತಟ್ಟೆ ಕೊಟ್ಟು ಕಳಿಸಿದಳು. ಅದು ಸರಿ, ಹಸಿವಿಗಿಂತ ದೊಡ್ಡ ಅಪಾಯವಿಲ್ಲ. ಕೇಂದ್ರಕ್ಕೆ ನಾಲ್ಕು ಗೋಡೆಗಳಷ್ಟೇ ಇದ್ದವು, ಅಂಗಳವಿರಲಿಲ್ಲ. ಅದು ತಪ್ಪು, ಆದರೆ ಅದನ್ನು ತಂದವರು ಕೆಟ್ಟವರಾಗಿರಲಿಲ್ಲ. ಆಮೇಲೆ ಹಳದಿ ವ್ಯಾನುಗಳು ಬಂದು ಎರಡೂ ಓಣಿಯ ಮಕ್ಕಳನ್ನು ಟೈ ಕಟ್ಟಿಸಿ ಕರೆದೊಯ್ದವು. ತಾಯಂದಿರು ಒಳ್ಳೆಯದನ್ನೇ ಬಯಸಿದರು. ಎಲ್ಲ ತಪ್ಪುಗಳಿಗೂ ಹೆಸರಿಡುವ ನಾನು ಇದಕ್ಕೊಂದು ಹೆಸರು ಹುಡುಕುತ್ತ ಇನ್ನೂ ಕೂತಿದ್ದೇನೆ. ಕೊನೆಗೆ ದಿನಕ್ಕೆ ಇಬ್ಬರೋ ಮೂವರೋ ಬರುತ್ತಿದ್ದರು. ಮಾದೇವಪ್ಪ ಮಾತ್ರ ಇಪ್ಪತ್ತು ಮಕ್ಕಳಿಗೆ ಅಗೆದಷ್ಟೇ ಅಗೆಯುತ್ತಿದ್ದ. ಮುತ್ಯಾ ಹೋದ, ಎರಡು ವರ್ಷಕ್ಕೆ ಆಯಿ ಹೋದಳು. ಅಪ್ಪ ಅವ್ವ ನನ್ನ ಜೊತೆ ಕುಸನೂರಿಗೆ ಬಂದರು.

ರಸ್ತೆ ಅಗಲವಾಗುವಾಗ ಮನೆ ಹೋಯಿತು, ಮರವೂ ಹೋಯಿತು. ಕೆಲಸ ನಡೆಯುವ ದಿನ ನಾನು ಹೋಗಿ ನಿಂತಿದ್ದೆ. ಮಾದೇವಪ್ಪ ಬಂದಿದ್ದ, ಮಗಳು ಗಂಗೂ ಬಂದಿದ್ದಳು. ಅವಳೀಗ ಇಬ್ಬರು ಮಕ್ಕಳ ತಾಯಿ. ಹುಣಸೆಯನ್ನು ಉರುಳಿಸಿ, ಕಾಂಡ ಎಳೆದು ಹಾಕಿ, ಜೆಸಿಬಿ ಮುಂದಕ್ಕೆ ಸರಿಯಿತು. ಮರ ನಿಂತಿದ್ದ ಜಾಗಕ್ಕೆ ಬರುತ್ತಲೇ ಅದರ ಮುಂದಿನ ಗಾಲಿಗಳು ಅರ್ಧದವರೆಗೆ ಮಣ್ಣಿನಲ್ಲಿ ಇಳಿದವು. ಚಾಲಕ ಹಿಂದಕ್ಕೆ ತೆಗೆಯಲು ನೋಡಿದ, ಇನ್ನಷ್ಟು ಇಳಿಯಿತು. “ಏನ್ರೀ ಇದು, ಬಾವಿ ಮುಚ್ಚೀರೇನು ಇಲ್ಲಿ?” ಎಂದು ಅವನು ಇಳಿದು ಬಂದು ಕೇಳಿದ. ಮಾದೇವಪ್ಪ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಬೆರಳುಗಳ ನಡುವೆ ಉದುರಿಸಿದ. ಕಪ್ಪಾಗಿ, ನುಣ್ಣಗೆ, ಒಂದು ಹೆಂಟೆಯೂ ಇಲ್ಲದೆ ಅದು ಉದುರಿತು. ಮಧ್ಯಾಹ್ನದವರೆಗೆ ಅಲ್ಲಿ ಕೆಲಸ ನಿಂತಿತ್ತು. ಆಮೇಲೆ ಎರಡು ಟ್ರ್ಯಾಕ್ಟರ್ ಕಲ್ಲು ತಂದು ಸುರಿದು, ಆ ಜಾಗವನ್ನು ಗಟ್ಟಿ ಮಾಡಿಕೊಂಡು, ಅವರು ಮುಂದೆ ಹೋದರು.